ವಿರಾಟ್ ಗುಜರಿಗೆ ಹೋದ ಮೇಲೆ

2020ರ ಸೆಪ್ಟೆಂಬರ್ 28. ತೋಟದಲ್ಲಿ ಕಾಯಿ ಕೀಳಿಸುತ್ತಿದ್ದೆ. ಜೇಬಿನಲ್ಲಿ ಫೋನ್ ಬಿಡುವಿಲ್ಲದೆ ಗುಯ್‌ಗುಟ್ಟುತ್ತಿತ್ತು. ತೆಗೆದು ನೋಡಿದರೆ ನಮ್ಮ ಹಳೆಯ ಶಿಪ್‌ಮೇಟ್‌ಗಳ ವಾಟ್ಸಾಪ್ ಗುಂಪು. ಯಾರೋ ಒಂದು ವಿಡಿಯೋ ಹಾಕಿದ್ದರು. ಗುಜರಾತಿನ ಅಲಂಗ್ ತೀರ, ಹಳೆಯ ಹಡಗುಗಳನ್ನು ಒಡೆಯುವ ಜಾಗ. ಭರತದ ನೀರು ಮೇಲೇರಿದೆ. ನಮ್ಮ ನೌಕಾಪಡೆಯ ಹಳೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿರಾಟ್ ದಡದ ಕಡೆ ಬರುತ್ತಿದ್ದಾಳೆ. ತಾನಾಗಿ ಅಲ್ಲ, ಎಳೆಸಿಕೊಂಡು ಬರುತ್ತಿದ್ದಾಳೆ.

ನಾನು ಅವಳಲ್ಲಿ ಸ್ಟೋಕರ್, ಅಂದರೆ ಬಾಯ್ಲರ್ ನೋಡಿಕೊಳ್ಳುವ ನಾವಿಕ, ಆಗಿದ್ದವನು. ಯಾವ ಹಡಗು ಕಂಡರೂ ನನ್ನ ಕಣ್ಣು ಮೊದಲು ಚಿಮಣಿಗೆ ಹೋಗುತ್ತದೆ. ಹೊಗೆಯ ಬಣ್ಣ ನೋಡಿದರೆ ಕೆಳಗಿನವರು ಹೇಗೆ ಉರಿಸುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಅವತ್ತು ಚಿಮಣಿಯಲ್ಲಿ ಹೊಗೆಯೇ ಇರಲಿಲ್ಲ. ಇರಲಾರದು ಅಂತ ನನಗೆ ಗೊತ್ತಿತ್ತು. ನಾಲ್ಕು ವರ್ಷಗಳ ಹಿಂದೆಯೇ, 2016ರಲ್ಲಿ, ಕೊಚ್ಚಿಯಲ್ಲಿ ಅವಳ ಬಾಯ್ಲರ್, ಎಂಜಿನ್, ಪ್ರೊಪೆಲ್ಲರ್ ಎಲ್ಲ ಬಿಚ್ಚಿದ್ದರು. ಗೊತ್ತಿದ್ದರೂ ಚಿಮಣಿಯನ್ನೇ ನೋಡಿದೆ. ಎರಡನೇ ಸಲ ವಿಡಿಯೋ ಹಾಕಿದಾಗಲೂ ಅದನ್ನೇ ನೋಡಿದೆ.

ಗುಂಪಿನಲ್ಲಿ ದಿನವಿಡೀ ಹರಟುವವರು ನಾವು. ಅವತ್ತು ಬಹಳ ಹೊತ್ತು ಯಾರೂ ಒಂದಕ್ಷರ ಬರೆಯಲಿಲ್ಲ.

ಹಡಗನ್ನು ಕನ್ನಡದಲ್ಲಿ ನಾವು 'ಅದು' ಅನ್ನುತ್ತೇವೆ. ಬಸ್ಸು ಬಂತು, ರೈಲು ಹೋಯಿತು, ಹಡಗು ನಿಂತಿತು. ನಾನು ನೇವಿ ಸೇರಿದ ಹೊಸದರಲ್ಲಿ ಹಾಗೇ ಹೇಳುತ್ತಿದ್ದೆ. ವಿರಾಟ್‌ನಲ್ಲಿ ನಮ್ಮ ಚೀಫ್ ಒಬ್ಬರಿದ್ದರು, ಮಂಡ್ಯ ಕಡೆಯವರು. ಬಾಯ್ಲರ್ ರೂಮಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಒಂದು ರಾತ್ರಿ ನಾನು "ಚೀಫ್, ಹಡಗು ಇವತ್ತು ಜಾಸ್ತಿ ಅಲ್ಲಾಡ್ತಿದೆ" ಅಂದೆ. ಅವರು ನನ್ನ ಮುಖ ನೋಡಿ, "ಅಲ್ಲಾಡ್ತಾವ್ಳೆ ಅನ್ಲಾ. ಅವ್ಳ ಹೊಟ್ಟೇಲಿ ಕೂತ್ಕಂಡು ಅದು ಇದು ಅಂತೀಯಾ?" ಅಂದರು. ಅವತ್ತಿನಿಂದ ನನಗೂ ಅವಳು ಅವಳೇ.

ನಮ್ಮೂರು ತಿಪಟೂರಿನ ಹತ್ತಿರ. ಕೆರೆ ಬಿಟ್ಟರೆ ಬೇರೆ ನೀರು ಕಾಣದ ಊರು. ಹದಿನೆಂಟಕ್ಕೆ ನೇವಿ ಸೇರಿದೆ. ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ಮೊದಲ ತರಬೇತಿ, ಆಮೇಲೆ ಲೋನಾವಳದ ಐಎನ್‌ಎಸ್ ಶಿವಾಜಿಯಲ್ಲಿ ಎಂಜಿನ್ ಕೆಲಸ ಕಲಿತದ್ದು. 1990ರ ದಶಕದ ಶುರುವಿನಲ್ಲಿ ವಿರಾಟ್‌ಗೆ ಹಾಕಿದರು. ಮುಂಬೈ ಡಾಕ್‌ಯಾರ್ಡ್‌ನಲ್ಲಿ ಅವಳನ್ನು ಮೊದಲ ಸಲ ನೋಡಿದಾಗ ಹಡಗು ಅಂತಲೇ ಅನಿಸಲಿಲ್ಲ, ಯಾವುದೋ ದೊಡ್ಡ ಕಟ್ಟಡ ಅಂದುಕೊಂಡೆ. 226 ಮೀಟರ್ ಉದ್ದ, ಪೂರ್ತಿ ತುಂಬಿದರೆ 28,000 ಟನ್‌ಗೂ ಮಿಕ್ಕಿದ ತೂಕ. ಒಳಗೆ ಸಾವಿರಕ್ಕೂ ಹೆಚ್ಚು ಜನ. ನಮ್ಮ ಊರಿಗಿಂತ ದೊಡ್ಡ ಊರು.

ಅವಳು ಹುಟ್ಟಿದ್ದು ಇಂಗ್ಲೆಂಡಿನ ಬ್ಯಾರೋದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ ಕಟ್ಟಲು ಶುರು ಮಾಡಿದರು. 1953ರಲ್ಲಿ ಚರ್ಚಿಲ್ ಅವರ ಹೆಂಡತಿ ನೀರಿಗೆ ಇಳಿಸಿದರು. ಸೇವೆಗೆ ಸೇರಿದ್ದು 1959ರಲ್ಲಿ. ಆಗ ಅವಳ ಹೆಸರು ಹರ್ಮೀಸ್. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷರ ನೌಕಾಪಡೆಯನ್ನು ಮುನ್ನಡೆಸಿದ್ದು ಅವಳೇ. 1987ರ ಮೇ 12ರಂದು ನಮ್ಮ ನೌಕಾಪಡೆಗೆ ಸೇರಿ ವಿರಾಟ್ ಆದಳು. ನಾನು ಹತ್ತಿದಾಗ ಅವಳಿಗೆ ಆಗಲೇ ಮೂವತ್ತು ದಾಟಿತ್ತು. ನನಗಿಂತ ಹಿರಿಯಳು. ಅವಳ ವಿಮಾನಗಳ ಪೈಲಟ್‌ಗಳು ರೇಡಿಯೋದಲ್ಲಿ ಅವಳನ್ನು 'ಮದರ್' ಅಂತ ಕರೆಯುತ್ತಿದ್ದರು. ಹಾರಿ ಹೋದವರು ಮರಳಿ ಇಳಿಯುವುದು ಅವಳ ಮೇಲೇ ಅಲ್ವಾ, ಹಾಗಾಗಿ.

ನಾವು ಕೆಳಗಿನವರು. ಅವಳ ಸೀ ಹ್ಯಾರಿಯರ್ ಯುದ್ಧವಿಮಾನ ಹಾರುವುದನ್ನು ನೋಡಿದವರಿಗಿಂತ ಅದರ ಸದ್ದನ್ನು ತಲೆಯ ಮೇಲೆ ಕೇಳಿದವರು. ನಾಲ್ಕು ಬಾಯ್ಲರ್, ಎರಡು ಟರ್ಬೈನ್, 76,000 ಅಶ್ವಶಕ್ತಿ. ಬಾಯ್ಲರ್ ರೂಮಿನ ಸೆಕೆಯನ್ನು ಹೇಗೆ ಹೇಳಲಿ? ಬೆಲ್ಲದ ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕ ನಿಂತಿದ್ದೀರಾ? ಅದನ್ನು ಬಾಗಿಲು ಹಾಕಿದ ಕಬ್ಬಿಣದ ಕೋಣೆಯೊಳಗೆ ಇಟ್ಟುಕೊಳ್ಳಿ. ನಾಲ್ಕು ಗಂಟೆಯ ಸರದಿ, ನಮ್ಮ ಮಾತಲ್ಲಿ ವಾಚ್, ಮುಗಿಸಿ ಮೇಲೆ ಬಂದರೆ ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ. ಅತಿ ಬಿಸಿಯ ಉಗಿ ಸೋರಿದರೆ ಕಣ್ಣಿಗೆ ಕಾಣುವುದೇ ಇಲ್ಲ. ಸಿಳ್ಳೆಯ ಸದ್ದಷ್ಟೇ ಕೇಳುತ್ತದೆ. ಕೈ ಮುಂದೆ ಮಾಡಿಕೊಂಡು ಹೋಗಬಾರದು, ಕೋಲು ಮುಂದೆ ಹಿಡಿಯಬೇಕು ಅಂತ ಕಲಿಸಿದ್ದು ಚೀಫ್. ಒಮ್ಮೆ ಅದನ್ನು ಮರೆತೆ. ಎಡ ಮುಂಗೈ ಮೇಲೆ ಅದರ ಗುರುತು ಈಗಲೂ ಇದೆ.

ನಮ್ಮದು ಜಾಸ್ತಿ ಮಿಡ್ಲ್ ವಾಚ್. ರಾತ್ರಿ ಹನ್ನೆರಡರಿಂದ ನಾಲ್ಕು. ಮೂರೂವರೆಯ ಹೊತ್ತಿಗೆ ನನ್ನ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಚೀಫ್ ನೋಡುತ್ತಿದ್ದರು. ಗೇಜುಗಳನ್ನೆಲ್ಲ ಒಂದು ಸುತ್ತು ನೋಡಿ ಬಂದು, "ಹೋಗ್ಲಾ ಮಗ, ಮಲಕ್ಕೋ. ನಾ ನೋಡ್ಕತೀನಿ" ಅನ್ನುತ್ತಿದ್ದರು. ಹಾಗೆ ಕಳಿಸುವುದು ಪುಸ್ತಕದಲ್ಲಿ ಬರೆದ ನಿಯಮವಲ್ಲ. ಆದರೂ ಕಳಿಸುತ್ತಿದ್ದರು.

ಆ ರಾತ್ರಿಗಳಲ್ಲಿ ಅವರು ಇನ್ನೊಂದು ಹಡಗಿನ ಕತೆ ಹೇಳುತ್ತಿದ್ದರು. ಹಳೆಯ ಐಎನ್‌ಎಸ್ ಮೈಸೂರು.

ನಮ್ಮ ರಾಜ್ಯದ ಹೆಸರು ಹೊತ್ತ ಆ ಹಡಗಿನ ಬಗ್ಗೆ ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು? ಅದೂ ಇಂಗ್ಲೆಂಡಿನಲ್ಲೇ ಹುಟ್ಟಿದ್ದು. ಮೊದಲ ಹೆಸರು ನೈಜೀರಿಯಾ. 1941ರಲ್ಲಿ ಜರ್ಮನ್ನರ ಒಂದು ಹವಾಮಾನ ಹಡಗನ್ನು ಹಿಡಿಯುವುದರಲ್ಲಿ ಅದಕ್ಕೆ ಪಾಲಿತ್ತು. ಆ ಹಡಗಿನಲ್ಲಿ ಸಿಕ್ಕ ಕಾಗದಗಳು ಜರ್ಮನ್ನರ ಎನಿಗ್ಮಾ ಗುಪ್ತಲಿಪಿ ಬಿಡಿಸುವವರಿಗೆ ನೆರವಾದವು. ಮರುವರ್ಷ ಮೆಡಿಟರೇನಿಯನ್‌ನಲ್ಲಿ ಟಾರ್ಪಿಡೋ ಏಟು ತಿಂದಿತು. ಮುಳುಗಲಿಲ್ಲ, ರಿಪೇರಿಯಾಗಿ ಮತ್ತೆ ಯುದ್ಧಕ್ಕೆ ಹೋಯಿತು. 1957ರ ಆಗಸ್ಟ್ 29ರಂದು ಬರ್ಕನ್‌ಹೆಡ್‌ನಲ್ಲಿ ಭಾರತದ ಬಾವುಟ ಏರಿಸಿ ಮೈಸೂರು ಅಂತ ಹೆಸರಿಟ್ಟರು. ಹಿಂದಿನ ವರ್ಷವಷ್ಟೇ ಕನ್ನಡ ಸೀಮೆಗಳೆಲ್ಲ ಸೇರಿ ದೊಡ್ಡ ಮೈಸೂರು ರಾಜ್ಯ ಆಗಿತ್ತು. ಲಾಂಛನಕ್ಕೆ ನಮ್ಮ ಗಂಡಭೇರುಂಡವನ್ನೇ ಹಾಕಿದರು. ದೇವಸ್ಥಾನದ ಕಂಬದಲ್ಲಿ, ಅರಮನೆಯ ಗೋಡೆಯಲ್ಲಿ ನೋಡಿದ ಎರಡು ತಲೆಯ ಹಕ್ಕಿ ಯುದ್ಧದ ಹಡಗಿನ ಮೇಲೆ. ಮಂಡ್ಯದ ಹುಡುಗನಿಗೆ ಅದನ್ನು ನೋಡಿ ಏನಾಗಿರಬಹುದು ಅಂತ ನನಗೆ ಅರ್ಥವಾಗುತ್ತದೆ.

1971ರಲ್ಲಿ ಆ ಮೈಸೂರು ಪಶ್ಚಿಮ ನೌಕಾದಳದ ಮುಖ್ಯ ಹಡಗು. ದಳದ ಅಡ್ಮಿರಲ್ ಕುರುವಿಲ್ಲ ಅದರಲ್ಲೇ ಇದ್ದರು. ಚೀಫ್ ಆಗ ಇಪ್ಪತ್ತೈದರ ಸ್ಟೋಕರ್. "ಯುದ್ಧ ನೋಡಿದ್ರಾ ಚೀಫ್?" ಅಂತ ಕೇಳಿದ್ದೆ. "ಕೆಳಗಿರೋರ್ಗೆ ಯುದ್ಧ ಕಾಣಕಿಲ್ಲ ಕಣ್ಲಾ. ಮೇಲಿಂದ ಇಷ್ಟು ಸ್ಪೀಡ್ ಬೇಕು ಅಂತಾರೆ, ನಾವು ಕೊಡ್ತೀವಿ. ಯಾಕೆ ಅಂತ ಆಮ್ಯಾಕೆ ಗೊತ್ತಾಯ್ತದೆ" ಅಂದಿದ್ದರು.

1985ರ ಆಗಸ್ಟ್ 20ರಂದು ಮೈಸೂರು ಸೇವೆ ಮುಗಿಸಿತು. ಚೀಫ್ ಅವತ್ತು ಅದರ ಮೇಲಿದ್ದರು. ಹಡಗಿನ ಸೇವೆ ಮುಗಿಸುವ ರೀತಿ ಹೀಗಿರುತ್ತದೆ. ಸಂಜೆ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಸೂರ್ಯ ಮುಳುಗುವ ಹೊತ್ತಿಗೆ ನೌಕಾಪಡೆಯ ಬಾವುಟವನ್ನು ಕೊನೆಯ ಸಲ ಇಳಿಸುತ್ತಾರೆ. ಅದರ ಜೊತೆ ಕಂಬದ ತುದಿಯಲ್ಲಿ ಹಾರುವ ಉದ್ದನೆಯ ಪಟ್ಟಿ, ಪೆನೆಂಟ್, ಅದನ್ನೂ ಇಳಿಸುತ್ತಾರೆ. ಹಡಗು ಸೇವೆಯಲ್ಲಿ ಇರುವಷ್ಟು ಕಾಲ ಅದು ಹಗಲೂ ರಾತ್ರಿ ಅಲ್ಲೇ ಇರಬೇಕು. ಅದು ಇಳಿಯಿತು ಅಂದರೆ ಹಡಗಿಗೆ ಪ್ರಾಣ ಇಲ್ಲ. ಚೀಫ್ ಇದನ್ನು ಹೇಳುವಾಗ ಗೇಜಿನ ಗಾಜನ್ನು ಹತ್ತಿಯ ಚಿಂದಿಯಿಂದ ಒರೆಸುತ್ತಲೇ ಇದ್ದರು. ಅದು ಆಗಲೇ ಚೊಕ್ಕಟವಾಗಿತ್ತು.

ಆಗ ನನಗೆ ಇಪ್ಪತ್ತೊಂದು. ಕಬ್ಬಿಣಕ್ಕೆ ಇಷ್ಟೊಂದು ಕೊರಗಬೇಕಾ ಅಂತ ಅನಿಸಿತ್ತು. ಇವತ್ತು ಅದನ್ನು ನೆನೆಸಿಕೊಂಡರೆ ನೋವಾಗುತ್ತದೆ.

ಯಾಕೆ ಕೊರಗುತ್ತೇವೆ? ಎಷ್ಟೋ ಜನ ಕೇಳಿದ್ದಾರೆ. ಬ್ಯಾಂಕಿನವರು ಹಳೆಯ ಬ್ರಾಂಚ್ ಕೆಡವಿದರೆ ಅಳುವುದಿಲ್ಲ, ಬಸ್ ಡ್ರೈವರ್ ಹಳೆಯ ಬಸ್ಸಿಗೆ ಅಳುವುದಿಲ್ಲ, ನಿಮಗೇನು ಅಂತ. ಡ್ರೈವರ್‌ಗಳೂ ಅಳುತ್ತಾರೆ, ನಾನು ಕಂಡಿದ್ದೇನೆ. ಆದರೆ ಹಡಗು ಕೆಲಸದ ಜಾಗ ಮಾತ್ರ ಅಲ್ಲ. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಜ್ವರ. ಅಮ್ಮ ಹೋದ ಟೆಲಿಗ್ರಾಂ ಬಂದದ್ದು ಅಲ್ಲಿಗೆ. ಅದನ್ನು ಓದಿ ನಾನು ಕೂತದ್ದು ಮೂರು ಅಂತಸ್ತಿನ ಬಂಕ್‌ನ ನಡುವಿನದರಲ್ಲಿ. ತಲೆ ಎತ್ತಿದರೆ ಮೇಲಿನ ಬಂಕ್ ತಾಗುತ್ತಿತ್ತು. ಮೇಲಿನವನು ಪಂಜಾಬಿನ ಹುಡುಗ. ಅವನಿಗೆ ನನ್ನ ಭಾಷೆ ಬರದು, ನನಗೆ ಅವನದು ಬರದು. ಕೈ ಕೆಳಗೆ ಇಳಿಬಿಟ್ಟು ನನ್ನ ಭುಜ ಹಿಡಿದುಕೊಂಡು ರಾತ್ರಿಯಿಡೀ ಹಾಗೇ ಇದ್ದ. ಆ ಬಂಕ್ ಎಲ್ಲಿದೆ ಅಂತ ಕೇಳಿದರೆ ಏನು ತೋರಿಸಲಿ?

ಊರು ಬಿಟ್ಟವನಿಗೆ ಊರು ಇರುತ್ತದೆ. ಮನೆ ಬಿದ್ದರೂ ಪಾಯ ಇರುತ್ತದೆ, ಬಾವಿ ಇರುತ್ತದೆ, ಇಲ್ಲಿ ನಮ್ಮ ಅಡುಗೆಮನೆ ಇತ್ತು ಅಂತ ಮಗಳಿಗೆ ತೋರಿಸಬಹುದು. ಮುಳುಗಿದ ಹಡಗಿಗೂ ಒಂದು ಜಾಗ ಇದೆ. 1971ರ ಡಿಸೆಂಬರ್ 9ರಂದು ಮುಳುಗಿದ ನಮ್ಮ ಯುದ್ಧನೌಕೆ ಖುಕ್ರಿ ದಿಯು ಹತ್ತಿರದ ಸಮುದ್ರದ ತಳದಲ್ಲಿದ್ದಾಳೆ. ಅವಳ ಕ್ಯಾಪ್ಟನ್ ಮುಲ್ಲಾ ಮತ್ತು ಅವರ ಹುಡುಗರಿಗೆ ದಿಯುವಿನ ದಡದಲ್ಲಿ ಸ್ಮಾರಕ ಇದೆ, ಹೋಗಿ ಕೈಮುಗಿಯಬಹುದು. ಗುಜರಿಗೆ ಹೋದ ಹಡಗು ಎಲ್ಲಿದೆ? ತುಂಡಾಗಿ, ಕುಲುಮೆಗೆ ಹೋಗಿ, ಸರಳಾಗಿ, ಯಾರದೋ ಮನೆಯ ಮೋಲ್ಡ್ ಒಳಗೆ ಸೇರಿಹೋಗಿರುತ್ತದೆ. ಎಲ್ಲ ಕಡೆ ಇದೆ, ಎಲ್ಲೂ ಇಲ್ಲ.

ಇನ್ನೊಂದು ಇದೆ, ಸದ್ದು. ಹಡಗಿನಲ್ಲಿ ಯಾವಾಗಲೂ ಯಾವುದೋ ಫ್ಯಾನ್, ಯಾವುದೋ ಪಂಪು ಓಡುತ್ತಿರುತ್ತದೆ. ಕೆಲವು ವಾರಗಳಲ್ಲಿ ಅದು ಕೇಳಿಸುವುದೇ ಇಲ್ಲ. ಆದರೆ ಒಮ್ಮೆಲೇ ನಿಂತಿತು ಅಂದರೆ ಗಾಢ ನಿದ್ದೆಯಲ್ಲಿದ್ದವರೂ ಎಲ್ಲರೂ ಒಟ್ಟಿಗೆ ಎದ್ದು ಕೂರುತ್ತೇವೆ. ನೇವಿ ಬಿಟ್ಟು ಊರಿಗೆ ಬಂದ ಮೊದಲ ವರ್ಷ ತೋಟದ ಮನೆಯಲ್ಲಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಮೌನ. ಹೆಂಡತಿ ಬೇಸಿಗೆ ಇಲ್ಲದಿದ್ದರೂ ಫ್ಯಾನ್ ಹಾಕಿಟ್ಟಳು. ಈಗಲೂ ಹಾಕುತ್ತಾಳೆ.

ಉಳಿಸಿಕೊಳ್ಳಲು ಯಾರೂ ಪ್ರಯತ್ನ ಮಾಡಲಿಲ್ಲ ಅಂತ ಹೇಳಲಾರೆ. ಮೊದಲು ವಿಕ್ರಾಂತ್ ಕತೆ. ನಮ್ಮ ಮೊದಲ ವಿಮಾನವಾಹಕ. 1961ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ವಿಜಯಲಕ್ಷ್ಮಿ ಪಂಡಿತ್ ಸೇವೆಗೆ ಸೇರಿಸಿದ ಹಡಗು. 1971ರಲ್ಲಿ ಬಾಯ್ಲರ್ ಬಿರುಕು ಬಿಟ್ಟಿದ್ದರೂ ಬಂಗಾಳ ಕೊಲ್ಲಿಗೆ ಹೋಗಿ, ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ವಿಮಾನ ಹಾರಿಸಿದವಳು. ಬಿರುಕು ಬಿಟ್ಟ ಬಾಯ್ಲರ್ ಇಟ್ಟುಕೊಂಡು ಯುದ್ಧ ಮಾಡುವುದು ಅಂದರೆ ಏನು ಅಂತ ಸ್ಟೋಕರ್‌ಗೆ ಗೊತ್ತು. ಆ ಕೆಳಗಿನ ಹುಡುಗರ ಹೆಸರು ಯಾರೂ ಬರೆದಿಡಲಿಲ್ಲ ಅನ್ನುವುದು ನನ್ನ ದೊಡ್ಡ ಸಂಕಟ. 1997ರ ಜನವರಿ 31ರಂದು ಸೇವೆ ಮುಗಿಯಿತು. 2001ರಿಂದ 2012ರವರೆಗೆ ಮುಂಬೈನಲ್ಲಿ ಮ್ಯೂಸಿಯಂ ಆಗಿದ್ದಳು. ಆಮೇಲೆ ನಿಭಾಯಿಸಲಾಗಲಿಲ್ಲ. 60 ಕೋಟಿ ರೂಪಾಯಿಗೆ ಹರಾಜು. ಕೋರ್ಟಿಗೆ ಹೋದವರಿಗೆ ಗೆಲುವು ಸಿಗಲಿಲ್ಲ. 2014ರ ನವೆಂಬರ್‌ನಲ್ಲಿ ಮುಂಬೈನ ದಾರುಖಾನಾದಲ್ಲಿ ಒಡೆಯಲು ಶುರು ಮಾಡಿದರು. ಅವಳ ಲೋಹದ ಒಂದಿಷ್ಟು ಬಜಾಜ್ ವಿ ಬೈಕಿಗೆ ಹೋಯಿತು. ನನ್ನ ಶಿಪ್‌ಮೇಟ್ ಒಬ್ಬ ಆ ಬೈಕನ್ನೇ ಹುಡುಕಿ ಕೊಂಡ. ಪೆಟ್ರೋಲ್ ಹಾಕಿಸುವಾಗಲೆಲ್ಲ ಟ್ಯಾಂಕನ್ನು ಒಮ್ಮೆ ಅಂಗೈಯಿಂದ ಸವರುತ್ತಾನೆ.

ವಿರಾಟ್ 2017ರ ಮಾರ್ಚ್ 6ರಂದು ಪೆನೆಂಟ್ ಇಳಿಸಿದಳು. ನಮ್ಮ ನೌಕಾಪಡೆಯಲ್ಲಿ ಅವಳು ಸುತ್ತಿದ್ದು 5.88 ಲಕ್ಷ ನಾಟಿಕಲ್ ಮೈಲಿ. ಅವತ್ತು ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥರೂ ಮುಂಬೈಗೆ ಬಂದು ನಿಂತಿದ್ದರು. ಮಹಾರಾಷ್ಟ್ರ ಸರ್ಕಾರ ಸಿಂಧುದುರ್ಗದ ಕಡಲಲ್ಲಿ ಅವಳನ್ನು ಮ್ಯೂಸಿಯಂ ಮಾಡಲು 852 ಕೋಟಿಯ ಯೋಜನೆಗೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. ನಡೆಯಲಿಲ್ಲ. ಬ್ರಿಟನ್ನಿನಲ್ಲಿ ಹರ್ಮೀಸ್‌ನ ಅಭಿಮಾನಿಗಳು ಹಣ ಕೂಡಿಸಲು ಓಡಾಡಿದರು. ಅದೂ ಆಗಲಿಲ್ಲ. 2020ರಲ್ಲಿ 38.54 ಕೋಟಿಗೆ ಹರಾಜಾದಳು. ಎರಡು ದೇಶದ ನಾವಿಕರು ಒಂದೇ ಹಡಗಿಗೆ ಕಣ್ಣೀರು ಹಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಿಟ್ಟು ಬಂದಿತ್ತು. ಈಗ ಅಷ್ಟಿಲ್ಲ. ಉಪ್ಪುನೀರು ಕಬ್ಬಿಣವನ್ನು ದಿನವೂ ತಿನ್ನುತ್ತದೆ. ಬಣ್ಣ ಬಳಿಯುವುದು, ನೀರು ಹೊರಹಾಕುವುದು, ಕೆಲವು ವರ್ಷಕ್ಕೊಮ್ಮೆ ಡ್ರೈ ಡಾಕ್‌ಗೆ ಒಯ್ಯುವುದು, ಇದೆಲ್ಲ ಸಾವಿರ ಜನ ಇದ್ದಾಗ ಮಾಡುವ ಕೆಲಸ. ಖಾಲಿ ಹಡಗಿಗೆ ಯಾರು ಮಾಡುತ್ತಾರೆ? ಉಳಿದಿರುವುದನ್ನು ನೋಡಿ. ವಿಶಾಖಪಟ್ಟಣದ ಬೀಚಿನಲ್ಲಿ ಕುರ್ಸುರಾ ಸಬ್‌ಮರೀನ್ ಇದೆ. ನಮ್ಮ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ 2006ರಿಂದ ಚಪಲ್ ಇದೆ. ಚಪಲ್ ಕ್ಷಿಪಣಿ ದೋಣಿ, 40 ಮೀಟರ್‌ಗಿಂತ ಚಿಕ್ಕದು. ಎರಡನ್ನೂ ನೀರಿನಿಂದ ಮೇಲೆ ಎಳೆದು ನೆಲದ ಮೇಲೆ ಕೂರಿಸಿದ್ದಾರೆ. ಅದಕ್ಕೇ ಬದುಕಿವೆ. ವಿರಾಟ್‌ನಂಥವಳನ್ನು ಎಲ್ಲಿಗೆ ಎಳೆಯುವುದು?

ಆದರೂ ಒಂದು ಮಾತು ಮನಸ್ಸಿಗೆ ಒಪ್ಪುವುದಿಲ್ಲ. ಇಡೀ ಹಡಗು ಬೇಡ. ಅವಳನ್ನು ನಡೆಸುತ್ತಿದ್ದ ಬ್ರಿಡ್ಜ್ ಭಾಗ, ಒಂದು ಮೆಸ್, ಒಂದು ಬಾಯ್ಲರ್‌ನ ಮುಂಭಾಗ, ಇಷ್ಟನ್ನಾದರೂ ಕತ್ತರಿಸಿ ದಡದಲ್ಲಿ ಇಡಬಹುದಿತ್ತು. ಅದರ ಪಕ್ಕ ಅವಳಲ್ಲಿ ದುಡಿದವರ ಹೆಸರುಗಳು. ಅಡ್ಮಿರಲ್‌ನಿಂದ ಅಡುಗೆಯವನವರೆಗೆ.

ನಾನು ಚಿಕ್ಕವನಿದ್ದಾಗ ಅಪ್ಪ ಮುದಿಯಾದ ಎತ್ತನ್ನು ಸಿದ್ಧಗಂಗೆ ಜಾತ್ರೆಯಲ್ಲಿ ಮಾರಿದರು. ಹದಿನಾಲ್ಕು ವರ್ಷ ನಮ್ಮ ಹೊಲ ಉತ್ತ ಎತ್ತು. ಬರುವಾಗ ಅದರ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಆ ಹಗ್ಗವನ್ನು ಯಾವುದಕ್ಕೂ ಬಳಸಲಿಲ್ಲ. ಕೊಟ್ಟಿಗೆಯ ಗೂಟದಲ್ಲಿ ನೇತುಹಾಕಿದ್ದರು. ಮಾರದೆ ಗತಿ ಇರಲಿಲ್ಲ ಅಂತ ಅವರಿಗೆ ಗೊತ್ತಿತ್ತು. ನಮಗೆ ಆ ಹಗ್ಗದಷ್ಟಾದರೂ ಬೇಕಿತ್ತು.

2021ರ ಫೆಬ್ರವರಿ ಮೊದಲ ವಾರ ನಾವು ಮೂವರು ಅಲಂಗ್‌ಗೆ ಹೋದೆವು. ಹೋಗಬೇಡ, ನೋಡಿದರೆ ತಡೆಯಲಾರೆ ಅಂತ ಹೆಂಡತಿ ಹೇಳಿದ್ದಳು. ಭಾವನಗರದಿಂದ ಟ್ಯಾಕ್ಸಿ. ಅಲಂಗ್ ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ಹಡಗಿನ ಸಾಮಾನಿನ ಅಂಗಡಿಗಳು. ಕುರ್ಚಿ, ಹಾಸಿಗೆ, ತಟ್ಟೆ, ಬಾಗಿಲು, ಲೈಫ್ ಜಾಕೆಟ್. ಪ್ರಪಂಚದ ಮೂಲೆಮೂಲೆಯ ಹಡಗುಗಳ ಮನೆಸಾಮಾನು ಮಣ್ಣಿನ ಮೇಲೆ ರಾಶಿ. ಒಂದು ಅಂಗಡಿಯಲ್ಲಿ ನಮ್ಮ ಗೆಳೆಯ ಸ್ಟೀಲ್ ಮಗ್ಗುಗಳನ್ನು ಒಂದೊಂದಾಗಿ ತಿರುಗಿಸಿ ತಳ ನೋಡುತ್ತಿದ್ದ. ಏನು ಹುಡುಕುತ್ತಿದ್ದಾನೆ ಅಂತ ಕೇಳಲಿಲ್ಲ.

ಯಾರ್ಡ್ ಒಳಗೆ ನಮ್ಮನ್ನು ಬಿಡಲಿಲ್ಲ. ದೂರದ ಮಣ್ಣಿನ ದಿಬ್ಬದಿಂದ ಕಂಡಳು. ಖಂಭಾತ್ ಕೊಲ್ಲಿಯಲ್ಲಿ ಭರತ ಇಳಿತದ ಅಂತರ ಬಹಳ ದೊಡ್ಡದು. ದೊಡ್ಡ ಭರತದಲ್ಲಿ ಹಡಗನ್ನು ಏರಿಸುತ್ತಾರೆ, ನೀರು ಇಳಿದಾಗ ಅದು ಕೆಸರಿನ ಮೇಲೆ ಕೂತುಬಿಡುತ್ತದೆ. ಹಾಗೆ ಕೂತಿದ್ದಳು. ಮೂತಿ ಇರಲಿಲ್ಲ. ಹ್ಯಾರಿಯರ್‌ಗಳು ಓಡಿ ಜಿಗಿಯುತ್ತಿದ್ದ ಏರು, ಅವಳನ್ನು ದೂರದಿಂದಲೇ ಗುರುತಿಸುತ್ತಿದ್ದ ಆ ಮೇಲೆದ್ದ ಮುಂಭಾಗ, ಅದು ಹೋಗಿತ್ತು. ಕತ್ತರಿಸಿದ ಕಡೆ ಒಳಗಿನ ಅಂತಸ್ತುಗಳು ಬಯಲಿಗೆ ಬಿದ್ದಿದ್ದವು. ಯಾವುದೋ ಕೋಣೆಯ ತಿಳಿ ಹಸಿರು ಬಣ್ಣ ಬಿಸಿಲಿಗೆ ಕಾಣುತ್ತಿತ್ತು. ಜೀವಮಾನದಲ್ಲಿ ಬಿಸಿಲು ನೋಡದ ಗೋಡೆ ಅದು.

ಚಹಾ ಅಂಗಡಿಯಲ್ಲಿ ಒಬ್ಬ ಕಟ್ಟರ್, ಗ್ಯಾಸಿನ ಬೆಂಕಿಯಿಂದ ಹಡಗು ಕತ್ತರಿಸುವವನು, ಸಿಕ್ಕ. ಒಡಿಶಾದ ಹುಡುಗ. ಇಪ್ಪತ್ತೈದು ಇರಬಹುದು. ಕೈಯ ಮೇಲೆಲ್ಲ ಕಿಡಿ ಹಾರಿದ ಚುಕ್ಕಿಗಳು. ಚಿಲ್ಕಾದಲ್ಲಿ ಕಲಿತ ನಾಲ್ಕು ಒಡಿಯಾ ಮಾತು ಆಡಿದೆ, ಅವನಿಗೆ ಖುಷಿಯಾಯಿತು. ನಾನು ಆ ಹಡಗಿನವನು ಅಂದೆ. ಅವನು ಚಹಾ ಲೋಟ ಕೆಳಗಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಹಿಂದಿಯಲ್ಲಿ, "ಬೇರೆ ಹಡಗಿನ ಹಾಗಲ್ಲ ಇದು. ಕಬ್ಬಿಣ ಬಹಳ ಗಟ್ಟಿ. ಜಾಸ್ತಿ ಗ್ಯಾಸ್ ತಿನ್ನುತ್ತೆ" ಅಂದ. ನನಗೆ ಎದೆ ತುಂಬಿ ಬಂತು. ಆ ಹುಡುಗನ ಮೇಲೆ ಕೋಪವೇ ಬರಲಿಲ್ಲ. ಅವನೂ ಬೆಂಕಿಯ ಮುಂದೆ ನಿಲ್ಲುವವನು. ನನ್ನ ಮುಂಗೈ ತೋರಿಸಿದೆ. ಅವನು ತನ್ನದನ್ನು ಪಕ್ಕದಲ್ಲಿಟ್ಟ.

ನಾವು ಊರಿಗೆ ಬಂದ ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಒಡೆಯುವುದನ್ನು ನಿಲ್ಲಿಸಲು ಹೇಳಿತು. ಗುಂಪಿನಲ್ಲಿ ಮತ್ತೆ ಆಸೆ. ನಾನು ಮೂತಿ ಇಲ್ಲದ್ದನ್ನು ಕಂಡು ಬಂದಿದ್ದೆ, ಸುಮ್ನೆ ಇದ್ದೆ. ಏಪ್ರಿಲ್ 12ರಂದು, ಆಗಲೇ ಶೇಕಡ 40ರಷ್ಟು ಒಡೆದಾಗಿದೆ, ಇನ್ನು ತಡೆಯಲಾಗದು ಅಂತ ಕೋರ್ಟ್ ಹೇಳಿತು.

ಮೈಸೂರು ಹೆಸರು ಉಳಿದಿದೆ. 1999ರಲ್ಲಿ ಹೊಸ ಐಎನ್‌ಎಸ್ ಮೈಸೂರು ಬಂತು. ಅದರ ಮೇಲೂ ಅದೇ ಗಂಡಭೇರುಂಡ, 'ನ ಬಿಭೇತಿ ಕದಾಚನ' ಅನ್ನುವ ಧ್ಯೇಯವಾಕ್ಯ, ಎಂದೂ ಹೆದರುವುದಿಲ್ಲ ಅಂತ. 2022ರಲ್ಲಿ ಕೊಚ್ಚಿಯಲ್ಲೇ ಕಟ್ಟಿದ ಹೊಸ ವಿಕ್ರಾಂತ್ ಬಂದಳು. ಹಳೆಯವಳ ನಂಬರ್ ಆರ್11 ಅನ್ನೇ ಅವಳಿಗೂ ಕೊಟ್ಟರು. ವಿರಾಟ್ ಹೆಸರೂ ಒಂದು ದಿನ ಬರಲಿ ಅಂತ ಕಾಯುತ್ತಿದ್ದೇನೆ.

ಅಲಂಗ್‌ನಿಂದ ಬಂದ ರಾತ್ರಿ ಚೀಫ್‌ಗೆ ಫೋನ್ ಮಾಡಿದ್ದೆ. ಎಪ್ಪತ್ತೈದರ ಮೇಲಾಗಿದೆ, ಕಿವಿ ಸ್ವಲ್ಪ ಮಂದ. ಮಗ ಫೋನ್ ಹಿಡಿದುಕೊಟ್ಟ.

"ನೋಡ್ದೇನ್ಲಾ?"

"ನೋಡ್ದೆ ಚೀಫ್."

"ಎಂಗವ್ಳೆ?"

ಏನು ಹೇಳಲಿ. "ಮುಂದ್ಗಡೆ ಇಲ್ಲ ಚೀಫ್. ಆದ್ರೆ ಗಟ್ಟಿ ಇದ್ದಾಳಂತೆ. ಕತ್ತರಿಸೋ ಹುಡುಗನೇ ಹೇಳ್ದ" ಅಂದೆ. ಆ ಕಡೆಯಿಂದ ಮಾತಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಫೋನ್ ಇಟ್ಟುಬಿಟ್ಟರೇನೋ ಅಂದುಕೊಂಡೆ. ಗೋಡೆಯ ಗಡಿಯಾರ ನೋಡಿದೆ, ಹನ್ನೊಂದೂವರೆ ದಾಟಿತ್ತು.

ಆಮೇಲೆ ಅವರ ದನಿ ಬಂತು. "ದೂರದಿಂದ ಬಂದಿದ್ದೀಯ. ಹೋಗ್ಲಾ ಮಗ, ಮಲಕ್ಕೋ. ನಾ ನೋಡ್ಕತೀನಿ."